ಡಿವಿಆರ್ ಒಳಗೆ, ಮಾನಿಟರ್ ಗೇಟಿನಲ್ಲಿ: ಸಿಸಿಟಿವಿ ಚಿತ್ರವನ್ನು ನೆಟ್‌ವರ್ಕ್ ಕೇಬಲ್‌ನಲ್ಲಿ ದೂರ ಒಯ್ಯಲು ಯಾವ ದಾರಿ ಸರಿ?

ಅಪಾರ್ಟ್‌ಮೆಂಟಿನ ಡಿವಿಆರ್, ಅಂದರೆ ಕ್ಯಾಮೆರಾಗಳ ಚಿತ್ರವನ್ನು ರೆಕಾರ್ಡ್ ಮಾಡುವ ಯಂತ್ರ, ಸಂಘದ ಕಚೇರಿಯಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಳಗಿರುತ್ತದೆ, ಚಿತ್ರ ನೋಡಬೇಕಾದ ಕಾವಲುಗಾರ ಗೇಟಿನ ಕ್ಯಾಬಿನ್ನಿನಲ್ಲಿರುತ್ತಾನೆ. ತೋಟದ ಮನೆಯಲ್ಲಿ ಡಿವಿಆರ್ ಮಹಡಿಯ ಕೋಣೆಯಲ್ಲಿ, ಅಡಿಕೆ ಹರವಿದ ಅಂಗಳದ ಮೇಲೆ ರಾತ್ರಿ ಕಣ್ಣಿಡುವವರು ಆಚೆಯ ಶೆಡ್ಡಿನಲ್ಲಿ. ಕೆಳಗೆ ಅಂಗಡಿ, ಮೇಲೆ ಮನೆ ಇರುವವರದ್ದೂ ಇದೇ ಪಾಡು. ಡಿವಿಆರನ್ನೇ ಗೇಟಿಗೆ ಒಯ್ದಿಟ್ಟರೆ ಆಯಿತಲ್ಲ ಎನ್ನುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಳ್ಳ ಮೊದಲು ಕಿತ್ತೊಯ್ಯುವುದು ರೆಕಾರ್ಡಿಂಗ್ ಇರುವ ಪೆಟ್ಟಿಗೆಯನ್ನೇ. ಪೆಟ್ಟಿಗೆ ಒಳಗೇ ಇರಲಿ, ಚಿತ್ರ ಮಾತ್ರ ಹೊರಗೆ ಹೋಗಲಿ.

ಚಿತ್ರ ಒಯ್ಯಲು ಕ್ಯಾಟ್6, ಅಂದರೆ ನಾಲ್ಕು ಜೋಡಿ ಹೆಣೆದ ತಂತಿಗಳಿರುವ ನೆಟ್‌ವರ್ಕ್ ಕೇಬಲ್, ಒಳ್ಳೆಯ ಆಯ್ಕೆ. ಅಗ್ಗ, ಸಣ್ಣ ಪೈಪಿನಲ್ಲೂ ನುಸುಳುತ್ತದೆ, ಬೇಕಾದ ಉದ್ದಕ್ಕೆ ಕತ್ತರಿಸಿ ಜಾಕ್ ಹಾಕಬಹುದು. ಆದರೆ ಆ ಕೇಬಲ್ಲಿನ ಎರಡು ತುದಿಗೂ ಏನನ್ನು ಕಟ್ಟುತ್ತೀರಿ ಎಂಬುದರಲ್ಲಿ ನಾಲ್ಕೈದು ಬೇರೆ ಬೇರೆ ದಾರಿಗಳಿವೆ. ಜಾಕ್ ಒಂದೇ ಥರ ಕಾಣುತ್ತದೆಂದು ಅವನ್ನೆಲ್ಲ ಒಂದೇ ಎಂದುಕೊಂಡರೆ ದುಡ್ಡು ಹೋಗುತ್ತದೆ, ಕೆಲವೊಮ್ಮೆ ನೆಟ್‌ವರ್ಕ್ ಸ್ವಿಚ್ಚೂ (ಹಲವು ನೆಟ್‌ವರ್ಕ್ ಕೇಬಲ್ಲುಗಳನ್ನು ಸೇರಿಸುವ ಡಬ್ಬಿ) ಸುಡುತ್ತದೆ.

ಮೊದಲ ಪ್ರಶ್ನೆ ದೂರದ್ದಲ್ಲ

ಅಂಗಡಿಯಲ್ಲಿ ಮೊದಲು ಕೇಳುವುದು "ಎಷ್ಟು ಮೀಟರ್?" ಎಂದು. ಅದಕ್ಕೂ ಮುಂಚೆ ನಿಮ್ಮಲ್ಲೇ ತೀರ್ಮಾನ ಆಗಬೇಕಾದ ಮಾತೊಂದಿದೆ. ದೂರದ ಮಾನಿಟರ್ ಇಲ್ಲಿಯ ಮಾನಿಟರಿನ ನೆರಳಾದರೆ ಸಾಕೋ, ಅದಕ್ಕೆ ಅದರದೇ ನೋಟ ಬೇಕೋ?

ಎಕ್ಸ್‌ಟೆಂಡರ್ ಎಂದು ಮಾರುವ ಜೋಡಿ ಡಬ್ಬಿಗಳು ಒಯ್ಯುವುದು ಡಿವಿಆರಿನ ಎಚ್‌ಡಿಎಂಐ ಕಿಂಡಿಯಿಂದ ಬರುವ ಚಿತ್ರವನ್ನು. ಕಚೇರಿಯಲ್ಲಿ ಯಾರಾದರೂ ಒಂದೇ ಕ್ಯಾಮೆರಾ ದೊಡ್ಡದು ಮಾಡಿದರೆ ಗೇಟಿನಲ್ಲೂ ಅದೊಂದೇ ಕಾಣುತ್ತದೆ. ಕಾರ್ಯದರ್ಶಿ ನಿನ್ನೆಯ ರೆಕಾರ್ಡಿಂಗ್ ತೆಗೆದು ಯಾರದೋ ಜಗಳ ಪರಿಶೀಲಿಸುತ್ತಿದ್ದರೆ ಅದೂ ಗೇಟಿನ ಪರದೆಯ ಮೇಲೆ ಓಡುತ್ತದೆ. ಆ ಹೊತ್ತಿನಲ್ಲಿ ಗೇಟಿನವರಿಗೆ ಈಗ ಒಳಬರುತ್ತಿರುವ ಗಾಡಿ ಕಾಣುವುದಿಲ್ಲ. ಮೌಸನ್ನೂ ಗೇಟಿಗೆ ಎಳೆದು ಕೊಟ್ಟರೆ ಪರಿಸ್ಥಿತಿ ಇನ್ನೂ ಸೂಕ್ಷ್ಮ. ಲಾಗಿನ್ ತೆರೆದೇ ಇದ್ದ ಡಿವಿಆರಿನಲ್ಲಿ ಹಾರ್ಡ್‌ಡಿಸ್ಕ್ ಅಳಿಸುವ ಮೆನುವೂ ಅವರ ಕೈಗೆ ಸಿಕ್ಕಂತೆ.

ಇನ್ನೊಂದು ದಾರಿಯಲ್ಲಿ ಕೇಬಲ್ ಒಯ್ಯುವುದು ಪರದೆಯ ಚಿತ್ರವನ್ನಲ್ಲ, ಕ್ಯಾಮೆರಾಗಳ ಡೇಟಾವನ್ನು. ದೂರದಲ್ಲಿರುವ ಸಣ್ಣ ಯಂತ್ರವೊಂದು ಅದನ್ನು ಬಿಡಿಸಿ ತನ್ನ ಪರದೆಗೆ ಹಾಕಿಕೊಳ್ಳುತ್ತದೆ. ಗೇಟಿನಲ್ಲಿ ನಾಲ್ಕೇ ಕ್ಯಾಮೆರಾ, ಕಚೇರಿಯಲ್ಲಿ ಹದಿನಾರೂ, ಒಬ್ಬರ ಕೆಲಸ ಇನ್ನೊಬ್ಬರಿಗೆ ಅಡ್ಡಿಯಿಲ್ಲ. ಸಂಘ, ಮಂಟಪ, ಗೋದಾಮು, ಹೀಗೆ ನೋಡುವವರೂ ಆಳುವವರೂ ಬೇರೆಬೇರೆ ಇರುವ ಕಡೆ ಈ ಎರಡನೆಯದೇ ಸರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮನೆಯವರೇ ಎರಡು ಕೋಣೆಯಲ್ಲಿ ನೋಡುವುದಾದರೆ ನೆರಳು ಸಾಕು, ಮತ್ತು ಅದೇ ಸುಲಭ.

ನಡುವಿನ ಒಂದು ಅನುಕೂಲವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಡಿವಿಆರ್ ಹಿಂದೆ ಸಾಮಾನ್ಯವಾಗಿ ಎಚ್‌ಡಿಎಂಐ ಮತ್ತು ವಿಜಿಎ ಎರಡೂ ಕಿಂಡಿಗಳಿರುತ್ತವೆ. ಸಣ್ಣ ಮಾದರಿಗಳಲ್ಲಿ ಎರಡರಲ್ಲೂ ಒಂದೇ ಚಿತ್ರ. ಹಾಗಿದ್ದರೆ ಕಚೇರಿಯ ಮಾನಿಟರನ್ನು ವಿಜಿಎಗೆ ಹಾಕಿ, ಎಚ್‌ಡಿಎಂಐಯನ್ನು ಗೇಟಿಗೆ ಕಳಿಸಬಹುದು, ಚಿತ್ರವನ್ನು ಎರಡು ಕಡೆಗೆ ಹಂಚುವ ಸ್ಪ್ಲಿಟರಿನ ಖರ್ಚು ಉಳಿಯಿತು. ದೊಡ್ಡ ಮಾದರಿಗಳಲ್ಲಿ ಎರಡು ಕಿಂಡಿಗಳೂ ಸ್ವತಂತ್ರವಾಗಿರುವುದುಂಟು. ಮಾಹಿತಿ ಹಾಳೆಯಲ್ಲಿ "ಇಂಡಿಪೆಂಡೆಂಟ್ ಔಟ್‌ಪುಟ್" ಎಂದಿದೆಯೇ ನೋಡಿ. ಇದ್ದರೆ ಎಕ್ಸ್‌ಟೆಂಡರ್ ಹಾಕಿಯೂ ಗೇಟಿಗೆ ಬೇರೆ ನೋಟ ಕೊಡಬಹುದು.

ನೆರಳು ಸಾಕು ಎಂದಾದರೆ

ಎಚ್‌ಡಿಎಂಐ ಚಿತ್ರ ಎಷ್ಟು ಭಾರ ಎಂದು ಮೊದಲು ತಿಳಿದುಕೊಳ್ಳಿ. ಸೆಕೆಂಡಿಗೆ 60 ಚೌಕಟ್ಟಿನ 1080ಪಿ (1920×1080 ಚುಕ್ಕೆಗಳ) ಚಿತ್ರ ತಂತಿಯ ಮೇಲೆ ಸೆಕೆಂಡಿಗೆ ಸುಮಾರು 4.5 ಗಿಗಾಬಿಟ್, 30 ಚೌಕಟ್ಟಿನ 4ಕೆ ಸುಮಾರು 9 ಗಿಗಾಬಿಟ್. ಮನೆಯ ಗಿಗಾಬಿಟ್ ಸ್ವಿಚ್ ಹೊರುವುದು ಒಂದೇ ಗಿಗಾಬಿಟ್. ಹಾಗಾಗಿ ಎಕ್ಸ್‌ಟೆಂಡರುಗಳು ಎರಡೇ ಬಗೆ. ಒಂದು, ಕ್ಯಾಟ್6ರ ನಾಲ್ಕು ಜೋಡಿ ತಂತಿಗಳನ್ನು ಬಳಸಿ ಈಥರ್ನೆಟ್ (ಸಾಮಾನ್ಯ ನೆಟ್‌ವರ್ಕ್ ಸಂಕೇತ) ಅಲ್ಲದ ತನ್ನದೇ ಸಂಕೇತ ಕಳಿಸುವುದು. ಎರಡು, ಚಿತ್ರವನ್ನು ಕುಗ್ಗಿಸಿ ನಿಜವಾದ ನೆಟ್‌ವರ್ಕ್ ಪ್ಯಾಕೆಟ್ (ಡೇಟಾದ ಸಣ್ಣ ತುಂಡು) ಮಾಡಿ ಕಳಿಸುವುದು. ಮೊದಲನೆಯದನ್ನು ಡಬ್ಬಿಯಿಂದ ಡಬ್ಬಿಗೆ ನೇರವಾಗಿಯೇ ಕಟ್ಟಬೇಕು. ನಡುವೆ ಸ್ವಿಚ್ಚಿಗೋ ರೌಟರಿಗೋ ಚುಚ್ಚಿದರೆ ಚಿತ್ರ ಬರುವುದಿಲ್ಲ ಎಂಬುದಷ್ಟೇ ಅಲ್ಲ, ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವ ಮಾದರಿಯಾದರೆ ಸ್ವಿಚ್ಚಿನ ಪೋರ್ಟ್ ಹಾಳಾಗಬಹುದು.

ದೂರ 10 ಮೀಟರ್ ಒಳಗಿದ್ದರೆ ಇದೆಲ್ಲ ಬೇಡ, ಒಳ್ಳೆಯ ಎಚ್‌ಡಿಎಂಐ ಕೇಬಲ್ ಸಾಕು. 15 ಮೀಟರಿನ ತಾಮ್ರದ ಕೇಬಲ್ 1080ಪಿಗೆ ನಡೆದರೂ ನಡೆಯಬಹುದು, ಭರವಸೆ ಇಡಬೇಡಿ. 30 ಮೀಟರ್ ಮೀರಿದರೆ ಆಪ್ಟಿಕಲ್ ಎಚ್‌ಡಿಎಂಐ ಕೇಬಲ್ ಸಿಗುತ್ತದೆ. ಚಿತ್ರ ಚೆನ್ನಾಗಿರುತ್ತದೆ, ಆದರೆ ಅದಕ್ಕೆ ದಿಕ್ಕಿದೆ: ಸೋರ್ಸ್ ಎಂದು ಗುರುತು ಮಾಡಿದ ತುದಿಯೇ ಡಿವಿಆರಿಗೆ. ತಲೆಯ ಗಾತ್ರ ದೊಡ್ಡದು, ಗೋಡೆಯೊಳಗಿನ ಹಳೆಯ ಪೈಪಿನಲ್ಲಿ ಹೋಗುವುದಿಲ್ಲ. ಕತ್ತರಿಸಿ ಜೋಡಿಸುವಂತಿಲ್ಲ, ಬಲವಾಗಿ ಮಡಿಸಿದರೆ ಮುಗಿಯಿತು.

ಕರೆಂಟ್ ಬೇಡದ, ಎರಡು ಕ್ಯಾಟ್6 ಕೇಬಲ್ ಕೇಳುವ ಅತಿ ಅಗ್ಗದ ಜೋಡಿಯೂ ಸಿಗುತ್ತದೆ. ಹೊದಿಕೆಯ ಮೇಲೆ 30 ಮೀಟರ್ ಎಂದಿರುತ್ತದೆ. ಎರಡೂ ಕೇಬಲ್ ಅಳತೆಯಲ್ಲಿ ಸಮ ಇರಬೇಕು, ಜಾಕ್ ಒಂಚೂರೂ ಸಡಿಲ ಇರಬಾರದು. ಅಷ್ಟಾದರೂ 1080ಪಿಯಲ್ಲಿ ಚುಕ್ಕೆ ಮಿಣುಕುತ್ತದೆ. ಇದನ್ನು ಕೊಳ್ಳಬೇಡಿ.

ಹೆಚ್ಚಿನ ಮನೆ, ಅಂಗಡಿಗಳಿಗೆ ಸರಿಹೊಂದುವುದು ಒಂದೇ ಕೇಬಲ್ಲಿನ, ಅಡಾಪ್ಟರ್ ಇರುವ, 60 ಮೀಟರ್ ಎಂದು ಬರೆದ ಜೋಡಿ. ಕೊಳ್ಳುವಾಗ ಮೂರು ಸಂಗತಿ ನೋಡಿ. ಕಳಿಸುವ ಡಬ್ಬಿಯಲ್ಲಿ ಲೂಪ್ ಔಟ್ ಕಿಂಡಿ (ಅದೇ ಚಿತ್ರವನ್ನು ಹತ್ತಿರದ ಮಾನಿಟರಿಗೂ ಕೊಡುವ ಕಿಂಡಿ) ಇರಲಿ. ಅದರಿಂದ ಒಳಗಿನ ಮಾನಿಟರ್ ಉಳಿಯುತ್ತದೆ. ಒಂದೇ ಕಡೆ ಅಡಾಪ್ಟರ್ ಹಾಕಿದರೆ ಇನ್ನೊಂದು ಡಬ್ಬಿಗೂ ಕೇಬಲ್ಲಿನಲ್ಲೇ ವಿದ್ಯುತ್ ಹೋಗುವ ಮಾದರಿ ಸಿಕ್ಕರೆ ಒಳ್ಳೆಯದು, ಗೇಟಿನಲ್ಲಿ ಒಂದು ಪ್ಲಗ್ ಕಡಿಮೆ. ಡಿವಿಆರನ್ನು ಅಲ್ಲಿಂದಲೇ ನಿಯಂತ್ರಿಸಬೇಕಾದರೆ ಯುಎಸ್‌ಬಿ ಕಿಂಡಿಯೂ ಇರುವ ಕೆವಿಎಂ (ಚಿತ್ರದ ಜೊತೆ ಮೌಸನ್ನೂ ಒಯ್ಯುವ) ಎಕ್ಸ್‌ಟೆಂಡರ್ ತೆಗೆದುಕೊಳ್ಳಿ. ಸಾಮಾನ್ಯ ಯುಎಸ್‌ಬಿ ತಂತಿ 5 ಮೀಟರ್ ದಾಟಿದರೆ ನಂಬಿಕೆಗೆ ಅರ್ಹವಲ್ಲ. ಹೊದಿಕೆಯ ಮೇಲಿನ 60 ಮೀಟರ್ ಪೂರ್ತಿ ತಾಮ್ರದ, ನಡುವೆ ಜೋಡಣೆ ಇಲ್ಲದ ಕ್ಯಾಟ್6ಗೆ ಸಲ್ಲುವ ಲೆಕ್ಕ. ನಿಮ್ಮ ಕೇಬಲ್ ದಾರಿ 45 ಮೀಟರ್ ಮೀರಿದರೆ ಇನ್ನೂ ದೊಡ್ಡ ಅಳತೆಯ ಜೋಡಿಯನ್ನೇ ಆರಿಸಿ.

ಅದಕ್ಕಿಂತ ಮೇಲಿನ ದರ್ಜೆ ಎಚ್‌ಡಿಬೇಸ್‌ಟಿ. 2010ರಲ್ಲಿ ಎಲ್‌ಜಿ, ಸ್ಯಾಮ್‌ಸಂಗ್, ಸೋನಿ ಪಿಕ್ಚರ್ಸ್ ಮತ್ತು ವ್ಯಾಲೆನ್ಸ್ ಸೇರಿ ರೂಪಿಸಿದ ಕೂಟದ ಮಾನದಂಡ ಇದು. ಪೂರ್ಣ ದರ್ಜೆಯದು 100 ಮೀಟರ್, ಅಗ್ಗದ ದರ್ಜೆಯದು 1080ಪಿಗೆ 70 ಮೀಟರ್ ಮತ್ತು 4ಕೆಗೆ ಸುಮಾರು 40 ಮೀಟರ್. ವಿಳಂಬ ಕಣ್ಣಿಗೆ ತಿಳಿಯುವುದಿಲ್ಲ, ಚಿತ್ರ ಮೂಲದಂತೆಯೇ ಇರುತ್ತದೆ. ಬೆಲೆ ಮಾತ್ರ ಸಾಮಾನ್ಯ ಜೋಡಿಯ ಹಲವು ಪಟ್ಟು. ಸಿಸಿಟಿವಿಗೆ ಇಷ್ಟು ಬೇಕೇ? ಗೇಟಿನ 22 ಇಂಚಿನ ಮಾನಿಟರಿಗೆ ಖಂಡಿತ ಬೇಡ. ದೊಡ್ಡ ನಿಯಂತ್ರಣ ಕೊಠಡಿಗೆ ಬೇಕಾದೀತು.

ನೆಟ್‌ವರ್ಕ್ ಪ್ಯಾಕೆಟ್ ಮಾಡಿ ಕಳಿಸುವ ಎರಡನೇ ಬಗೆಯ ಎಕ್ಸ್‌ಟೆಂಡರ್ ಸ್ವಿಚ್ಚಿನ ಮೂಲಕ ಹೋಗುತ್ತದೆ, ಒಂದು ಕಳಿಸುವ ಡಬ್ಬಿಗೆ ಹಲವು ಪಡೆಯುವ ಡಬ್ಬಿ ಜೋಡಿಸಬಹುದು. ಕಚೇರಿ, ಗೇಟು, ಜನರೇಟರ್ ಕೋಣೆ, ಮೂರು ಕಡೆ ಒಂದೇ ಚಿತ್ರ ಬೇಕೆಂದರೆ ಇದು ಚೆನ್ನ. ಆದರೆ ಇದರಲ್ಲೊಂದು ಸಿಕ್ಕು ಇದೆ. ಒಂದರಿಂದ ಹಲವಕ್ಕೆ ಕಳಿಸುವ ಮಾದರಿಗಳು ಸಾಮಾನ್ಯವಾಗಿ ಮಲ್ಟಿಕಾಸ್ಟ್, ಅಂದರೆ ಒಂದೇ ಹರಿವನ್ನು ಹಲವರು ಪಡೆಯುವ ವಿಧಾನ, ಬಳಸುತ್ತವೆ. ಸಾದಾ ಸ್ವಿಚ್ ಆ ಹರಿವನ್ನು ಬೇಕಾದ ಪೋರ್ಟಿಗಷ್ಟೇ ಅಲ್ಲ, ಎಲ್ಲ ಪೋರ್ಟಿಗೂ ಸುರಿಯುತ್ತದೆ. 100 ಮೆಗಾಬಿಟ್ಟಿನ ಕ್ಯಾಮೆರಾ ಪೋರ್ಟುಗಳು ಉಸಿರುಗಟ್ಟುತ್ತವೆ, ಕ್ಯಾಮೆರಾಗಳು ಒಂದೊಂದಾಗಿ "ವಿಡಿಯೊ ಲಾಸ್" ತೋರಿಸುತ್ತವೆ, ವೈಫೈ ನಿಂತೇಹೋಗುತ್ತದೆ. ಎಕ್ಸ್‌ಟೆಂಡರ್ ಹಾಕಿದ ದಿನವೇ ಕ್ಯಾಮೆರಾ ಕೆಟ್ಟವು ಎಂದು ಕ್ಯಾಮೆರಾ ಬದಲಿಸಲು ಹೊರಡುವುದು ಇಲ್ಲಿಯೇ. ಈ ಡಬ್ಬಿಗಳಿಗೆ ಪ್ರತ್ಯೇಕ ಸ್ವಿಚ್ ಕೊಡಿ, ಇಲ್ಲವೇ ಐಜಿಎಂಪಿ ಸ್ನೂಪಿಂಗ್ (ಹರಿವನ್ನು ಕೇಳಿದ ಪೋರ್ಟಿಗಷ್ಟೇ ಕಳಿಸುವ ಸೌಲಭ್ಯ) ಇರುವ ಸ್ವಿಚ್ ಹಾಕಿ ಅದನ್ನು ಮೆನುವಿನಲ್ಲಿ ಆನ್ ಮಾಡಿ.

ವಿಜಿಎ ಎಕ್ಸ್‌ಟೆಂಡರ್ ಬಗ್ಗೆ ಎರಡೇ ಮಾತು. ಕ್ಯಾಟ್6ರಲ್ಲಿ ನಾಲ್ಕು ಜೋಡಿಗಳ ಹೆಣಿಗೆಯ ಬಿಗಿ ಬೇರೆಬೇರೆ, ಆದ್ದರಿಂದ ಕೆಂಪು, ಹಸಿರು, ನೀಲಿ ಸ್ವಲ್ಪ ಹಿಂದುಮುಂದಾಗಿ ತಲುಪಿ ಅಕ್ಷರಗಳ ಅಂಚಿನಲ್ಲಿ ಬಣ್ಣದ ನೆರಳು ಬೀಳುತ್ತದೆ. ಹೊಸದಾಗಿ ಮಾಡುವವರು ಇದರತ್ತ ಹೋಗುವುದು ಬೇಡ.

ಕೇಬಲ್ ಮತ್ತು ಜಾಕ್: ಸೋಲುವುದು ಇಲ್ಲೇ

ಎಕ್ಸ್‌ಟೆಂಡರ್ ಕೆಲಸ ಮಾಡಲಿಲ್ಲ ಎಂಬ ದೂರುಗಳಲ್ಲಿ ಬಹುಪಾಲು ಡಬ್ಬಿಯ ತಪ್ಪಲ್ಲ. ಅಗ್ಗದ ಕೇಬಲ್ ಹಲವು ಬಾರಿ ಸಿಸಿಎ, ಅಂದರೆ ಒಳಗೆ ಅಲ್ಯುಮಿನಿಯಂ, ಮೇಲೆ ತಾಮ್ರದ ಲೇಪ. ಬ್ಲೇಡಿನಿಂದ ಒಂದು ಎಳೆಯನ್ನು ಕೆರೆದು ನೋಡಿ. ಒಳಗೆ ಬೆಳ್ಳಿಯಂತೆ ಹೊಳೆದರೆ ಅದು ತಾಮ್ರವಲ್ಲ. ಈಗಾಗಲೇ ಎಳೆದಾಗಿದ್ದರೆ ಮಲ್ಟಿಮೀಟರ್ ಹೇಳುತ್ತದೆ: ಎರಡೂ ತುದಿ ಬಿಡಿಸಿಕೊಂಡು, ಆಚೆ ತುದಿಯಲ್ಲಿ ಒಂದು ಜೋಡಿಯ ಎರಡು ಎಳೆಗಳನ್ನು ಒಟ್ಟಿಗೆ ತಿರುಚಿ, ಈಚೆ ತುದಿಯಲ್ಲಿ ಆ ಎರಡರ ನಡುವೆ ಓಮ್ ಅಳೆಯಿರಿ. 60 ಮೀಟರಿನ ತಾಮ್ರದ ಕೇಬಲ್ಲಿಗೆ 8ರಿಂದ 11 ಓಮ್ ಬರಬೇಕು. 14 ದಾಟಿದರೆ ಅಲ್ಯುಮಿನಿಯಂ ಎಂದೇ ತಿಳಿಯಿರಿ. ಅಂಥ ಕೇಬಲ್ಲಿನಲ್ಲಿ ಇಂಟರ್ನೆಟ್ ಓಡೀತು, ಆದರೆ ಎಕ್ಸ್‌ಟೆಂಡರ್ ಅರ್ಧ ದೂರಕ್ಕೇ ಸುಸ್ತಾಗುತ್ತದೆ. ಕೇಬಲ್ಲಿನಲ್ಲೇ ವಿದ್ಯುತ್ ಕಳಿಸುವ ಮಾದರಿಯಲ್ಲಂತೂ ಆಚೆ ಡಬ್ಬಿ ಹತ್ತಿ ಆರುತ್ತಿರುತ್ತದೆ.

ಜಾಕ್ ಹಾಕುವಾಗ ಎರಡೂ ತುದಿಗೆ ಒಂದೇ ಕ್ರಮ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಹಸಿರು ಜೋಡಿ 3 ಮತ್ತು 6ರಲ್ಲಿ ಬಿಡಿಬಿಡಿಯಾಗಿ ಕೂರುವುದನ್ನು ಗಮನಿಸಿ. ನೆನಪಿಗೆ ಸುಲಭ ಎಂದು ಬಣ್ಣಗಳನ್ನು ಜೋಡಿ ಜೋಡಿಯಾಗಿ ಸಾಲಾಗಿ ಹಾಕುವ ಅಭ್ಯಾಸ ಕೆಲವರಿಗಿದೆ. ಎರಡು ತುದಿಯೂ ಒಂದೇ ಥರ ಇರುವುದರಿಂದ ಎಂಟು ದೀಪದ ಸಾಮಾನ್ಯ ಟೆಸ್ಟರ್ 1ರಿಂದ 8ರವರೆಗೆ ಸರಿಯಾಗಿಯೇ ಬೆಳಗುತ್ತದೆ. ಆದರೆ ಆಗ ಒಂದು ಸಂಕೇತದ ಎರಡು ಎಳೆಗಳು ಎರಡು ಬೇರೆ ಹೆಣಿಗೆಗಳಲ್ಲಿ ಹೋಗುತ್ತವೆ, ಒಂದರ ಗದ್ದಲ ಇನ್ನೊಂದಕ್ಕೆ ಹತ್ತುತ್ತದೆ. 5 ಮೀಟರಿನಲ್ಲಿ ತಿಳಿಯದ ಈ ತಪ್ಪು 40 ಮೀಟರಿನಲ್ಲಿ ಪರದೆಯನ್ನೇ ಕಪ್ಪಾಗಿಸುತ್ತದೆ. ಟೆಸ್ಟರ್ ಸರಿ ಎಂದಿತು ಎಂದು ನೆಮ್ಮದಿಯಾಗಬೇಡಿ, ಬಣ್ಣವನ್ನು ಕಣ್ಣಿನಿಂದಲೇ ನೋಡಿ. ಜಾಕಿನೊಳಗೆ ಹೆಣಿಗೆ ಬಿಚ್ಚಿದ ಉದ್ದ 13 ಮಿಲಿಮೀಟರ್ ಮೀರದಿರಲಿ, ಹೊರಗಿನ ಹೊದಿಕೆ ಜಾಕಿನ ಕಚ್ಚಿನೊಳಗೆ ಸಿಕ್ಕಿರಲಿ.

ಕೇಬಲ್ಲಿನ ದಾರಿಯೂ ಮುಖ್ಯ. 230 ವೋಲ್ಟಿನ ತಂತಿ ಇರುವ ಪೈಪಿನಲ್ಲಿ ಇದನ್ನು ಎಂದೂ ತೂರಿಸಬೇಡಿ. ಪಕ್ಕಪಕ್ಕ ಹೋಗಲೇಬೇಕಾದರೆ ಕನಿಷ್ಠ 30 ಸೆಂಟಿಮೀಟರ್ ಬಿಡಿ, ದಾಟುವಾಗ ಅಡ್ಡಲಾಗಿ ದಾಟಿಸಿ. ತೋಟದಲ್ಲಿ ಪಂಪ್‌ಸೆಟ್ಟಿನ ತ್ರೀ ಫೇಸ್ ಕೇಬಲ್ ಹೂತ ಕಾಲುವೆಯಲ್ಲೇ ಇದನ್ನೂ ಹೂಳುವ ಆಸೆಯಾಗುವುದು ಸಹಜ, ಅಗೆಯುವ ಕೂಲಿ ಉಳಿಯುತ್ತದಲ್ಲ. ಉಳಿಸಬೇಡಿ. ಮೋಟಾರ್ ಚಾಲೂ ಆದಾಗಲೆಲ್ಲ ಪರದೆ ಎರಡು ಮೂರು ಸೆಕೆಂಡ್ ಆರುತ್ತದೆ. ಬಿಸಿಲಿಗೆ ಬೀಳುವ ಕಡೆ ಒಳಾಂಗಣದ ಬೂದು ಕೇಬಲ್ ಕೆಲವೇ ವರ್ಷಗಳಲ್ಲಿ ಸಿಪ್ಪೆ ಏಳುತ್ತದೆ, ಕಪ್ಪು ಹೊದಿಕೆಯ ಹೊರಾಂಗಣ ಕೇಬಲ್ಲೇ ಬೇಕು. ನೆಲದೊಳಗೆ ಎಚ್‌ಡಿಪಿಇ ಪೈಪಿನಲ್ಲಿ ಹಾಕಿದರೆ ಹೆಗ್ಗಣದಿಂದ ಬಹುಮಟ್ಟಿಗೆ ರಕ್ಷಣೆ. ಪೈಪ್ ಇದ್ದಾಗ ಒಂದರ ಬದಲು ಎರಡು ಕೇಬಲ್ ಎಳೆಯಿರಿ. ಎರಡನೆಯದು ಇಂದು ಬೇಡ ಅನ್ನಿಸಿದರೂ ಮುಂದೆ ಮೌಸಿಗೋ ಫೋನಿಗೋ ಬೇಕೇ ಆಗುತ್ತದೆ.

ಜೋಡಿಸುವ ಕ್ರಮ, ತಪ್ಪು ಹುಡುಕುವ ಕ್ರಮ

ಕೇಬಲ್ ಎಳೆಯುವ ಮೊದಲು ಎರಡೂ ಡಬ್ಬಿಗಳನ್ನು ಮೇಜಿನ ಮೇಲಿಟ್ಟು ಗಿಡ್ಡ ಪ್ಯಾಚ್ ಕಾರ್ಡಿನಲ್ಲಿ (ಎರಡೂ ತುದಿಗೆ ಜಾಕ್ ಇರುವ ಸಿದ್ಧ ಕೇಬಲ್) ಜೋಡಿಸಿ, ನಿಮ್ಮದೇ ಡಿವಿಆರ್, ನಿಮ್ಮದೇ ಮಾನಿಟರ್ ಹಾಕಿ ನೋಡಿ. ಇಲ್ಲಿ ಚಿತ್ರ ಬಂದು, ದೂರದಲ್ಲಿ ಬರದಿದ್ದರೆ ತಪ್ಪು ಕೇಬಲ್ಲಿನದು ಎಂದು ಖಚಿತ. ಈ ಹತ್ತು ನಿಮಿಷ ಬಿಟ್ಟರೆ ಮುಂದೆ ಅರ್ಧ ದಿನ ಏಣಿ ಹತ್ತಿ ಇಳಿಯಬೇಕಾಗುತ್ತದೆ.

ಮೊದಲೇ ಡಿವಿಆರಿನ ಡಿಸ್‌ಪ್ಲೇ ಮೆನುವಿನಲ್ಲಿ ಔಟ್‌ಪುಟ್ ರೆಸಲ್ಯೂಶನ್ನನ್ನು 1920×1080, 60 ಹರ್ಟ್ಸ್ ಎಂದು ಗಟ್ಟಿಮಾಡಿ. "ಆಟೊ" ಬಿಡಬೇಡಿ. ಹೊಸ ಡಿವಿಆರ್, ಎನ್‌ವಿಆರುಗಳು (ನೆಟ್‌ವರ್ಕ್ ಕ್ಯಾಮೆರಾಗಳ ರೆಕಾರ್ಡರ್) 4ಕೆ ಔಟ್‌ಪುಟ್ ಕೊಡಬಲ್ಲವು. 1080ಪಿಯಷ್ಟೇ ತಿಳಿದ ಎಕ್ಸ್‌ಟೆಂಡರಿಗೆ ಅದು ಅರ್ಥವಾಗದೆ ಪರದೆ ಕಪ್ಪಾಗುತ್ತದೆ, ಎರಡೂ ಡಬ್ಬಿಯ ದೀಪ ಮಾತ್ರ ಚೆನ್ನಾಗಿ ಉರಿಯುತ್ತಿರುತ್ತದೆ. ಆಗಲೇ ಕಪ್ಪಾಗಿದ್ದರೆ ವಿಜಿಎ ಕಿಂಡಿಗೆ ಯಾವುದಾದರೂ ಹಳೆಯ ಮಾನಿಟರ್ ಹಾಕಿ ಮೆನುಗೆ ಹೋಗಿ.

ಆಟೊ ಬೇಡ ಎನ್ನುವುದಕ್ಕೆ ಇನ್ನೊಂದು ಕಾರಣ ನಮ್ಮ ಕರೆಂಟ್. ಡಿವಿಆರ್ ಚಾಲೂ ಆಗುವಾಗ ಮಾನಿಟರನ್ನು "ನಿನಗೆ ಯಾವ ಅಳತೆ ಆಗುತ್ತದೆ?" ಎಂದು ಕೇಳುತ್ತದೆ. ಈ ಉತ್ತರಕ್ಕೆ ಇಡಿಐಡಿ ಎಂದು ಹೆಸರು. ಕರೆಂಟ್ ಹೋಗಿ ಬಂದಾಗ ಎಕ್ಸ್‌ಟೆಂಡರ್ ಎಚ್ಚರವಾಗುವ ಮೊದಲೇ ಡಿವಿಆರ್ ಕೇಳಿ ಮುಗಿಸಿದರೆ ಉತ್ತರ ಸಿಗುವುದಿಲ್ಲ, ಅದು ತನ್ನಿಷ್ಟದ ಕಡಿಮೆ ಅಳತೆಗೆ ಇಳಿಯುತ್ತದೆ ಅಥವಾ ಚಿತ್ರವನ್ನೇ ಕಳಿಸುವುದಿಲ್ಲ. ಪ್ರತಿ ಸಲ ಕರೆಂಟ್ ಬಂದ ಮೇಲೆ ಯಾರಾದರೂ ಹೋಗಿ ತಂತಿ ಕಿತ್ತು ಹಾಕಬೇಕಾಗುವ ಕಾಟ ಇದರಿಂದಲೇ. ರೆಸಲ್ಯೂಶನ್ ಗಟ್ಟಿಮಾಡಿ, ಕಳಿಸುವ ಡಬ್ಬಿಯನ್ನು ಡಿವಿಆರ್ ಇರುವ ಯುಪಿಎಸ್‌ಗೇ ಹಾಕಿ.

ಪರದೆಯ ಮೇಲೆ ಚುಕ್ಕೆಗಳು ಮಿಣುಕಿದರೆ ಸಂಕೇತ ಅಂಚಿನಲ್ಲಿದೆ ಎಂದರ್ಥ. ಡಿವಿಆರನ್ನು 720ಪಿಗೆ ಇಳಿಸಿ ನೋಡಿ. ಚುಕ್ಕೆ ಹೋದರೆ ಕೇಬಲ್ ಉದ್ದವಾಗಿದೆ, ಕಳಪೆ ಇದೆ ಅಥವಾ ಜಾಕ್ ಸರಿಯಿಲ್ಲ. ಚಿತ್ರ ಪೂರ್ತಿ ಗುಲಾಬಿಗೋ ಹಸಿರಿಗೋ ತಿರುಗಿದ್ದರೆ ಒಂದು ಬಣ್ಣದ ಸಂಕೇತ ಕಡಿದಿದೆ: ಮೊದಲು ಎಚ್‌ಡಿಎಂಐ ಪ್ಲಗ್ ಒತ್ತಿ ನೋಡಿ, ಆಮೇಲೆ ಜಾಕ್ ಬದಲಿಸಿ. ನಿಗದಿತ ಲಯವಿಲ್ಲದೆ ಆರಿ ಬೆಳಗಿದರೆ ಅಡಾಪ್ಟರನ್ನು ಅನುಮಾನಿಸಿ.

ತನ್ನದೇ ನೋಟ ಬೇಕೆಂದರೆ

ಇಲ್ಲಿ ಕ್ಯಾಟ್6 ನಿಜವಾದ ನೆಟ್‌ವರ್ಕ್ ಕೇಬಲ್ಲೇ. ಸ್ವಿಚ್ಚಿನಿಂದ ಸ್ವಿಚ್ಚಿಗೆ 100 ಮೀಟರ್, ಅದರಲ್ಲಿ ಗೋಡೆಯೊಳಗೆ 90, ಎರಡು ತುದಿಯ ಪ್ಯಾಚ್ ಕಾರ್ಡುಗಳಿಗೆ 10. ನಡುವೆ ಸ್ವಿಚ್ ಇಟ್ಟರೆ ಮತ್ತೆ 100. ಮನೆಯಲ್ಲಿ ಈಗಾಗಲೇ ನೆಟ್‌ವರ್ಕ್ ಇದ್ದರೆ ಹೊಸ ಕೇಬಲ್ ಎಳೆಯುವ ಕೆಲಸವೇ ಇಲ್ಲದಿರಬಹುದು. ಕ್ಯಾಮೆರಾಗಳು ಹಳೆಯ ಕೋಆಕ್ಸ್ (ಕೇಬಲ್ ಟಿವಿಯದರಂಥ ದುಂಡು ತಂತಿಯ) ಬಗೆಯವಾದರೂ ಪರವಾಗಿಲ್ಲ, ಡಿವಿಆರ್ ತಾನೇ ಅವನ್ನು ನೆಟ್‌ವರ್ಕಿಗೆ ಹರಿಸುತ್ತದೆ.

ಆಚೆ ತುದಿಯ ಯಂತ್ರ ಯಾವುದಿರಬೇಕು? ಹಳೆಯ ಪಿಸಿ ಇದ್ದರೆ ಡಿವಿಆರ್ ಕಂಪನಿಯ ಉಚಿತ ತಂತ್ರಾಂಶವೇ ಮೊದಲ ಆಯ್ಕೆ. ಹಿಕ್‌ವಿಷನ್‌ಗೆ ಐವಿಎಂಎಸ್-4200, ದಾಹುವಾಕ್ಕೆ ಸ್ಮಾರ್ಟ್ ಪಿಎಸ್‌ಎಸ್ ಲೈಟ್, ಸಿಪಿ ಪ್ಲಸ್‌ಗೆ ಕೆವಿಎಂಎಸ್ ಪ್ರೊ. ತೊಂದರೆ ಏನೆಂದರೆ ಗೇಟಿನ ಪಿಸಿ ಕೆಲವೇ ದಿನಗಳಲ್ಲಿ ಸಿನಿಮಾ ನೋಡುವ ಪಿಸಿಯೂ ಆಗುತ್ತದೆ, ಅಪ್‌ಡೇಟ್ ಆಗುತ್ತ ಕೂರುತ್ತದೆ.

ಆಂಡ್ರಾಯ್ಡ್ ಟಿವಿ ಅಥವಾ ಟಿವಿ ಬಾಕ್ಸ್ ಇದ್ದರೆ ಟೈನಿಕ್ಯಾಮ್ ಮಾನಿಟರಿನಂಥ ಆ್ಯಪ್ ಹಾಕಿ ನಾಲ್ಕು ಕ್ಯಾಮೆರಾ ಜೋಡಿಸಬಹುದು. ಅಡುಗೆಮನೆಯ ಟಿವಿಯಲ್ಲಿ ಅಂಗಳ ಕಾಣಬೇಕು ಎನ್ನುವವರಿಗೆ ಇದಕ್ಕಿಂತ ಅಗ್ಗದ ದಾರಿ ಇಲ್ಲ. ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಕೂಡ ಈ ಕೆಲಸಕ್ಕೆ ಚೆನ್ನ, ಒಂದು ವಿವರ ಗಮನಿಸಿದರೆ: ಪೈ 4ರಲ್ಲಿ ಎಚ್.264 ಮತ್ತು ಎಚ್.265 (ವಿಡಿಯೊ ಕುಗ್ಗಿಸುವ ಎರಡು ವಿಧಾನ) ಎರಡನ್ನೂ ಬಿಡಿಸುವ ಯಂತ್ರಾಂಶ ಇದೆ. ಪೈ 5ರಲ್ಲಿ ಎಚ್.265ಗೆ ಮಾತ್ರ ಇದೆ, ಎಚ್.264ರ ಕೆಲಸ ಪೂರ್ತಿ ಪ್ರೊಸೆಸರಿನ ಮೇಲೆ ಬೀಳುತ್ತದೆ.

ದಿನದ 24 ಗಂಟೆ ಯಾರೂ ಮುಟ್ಟದೆ ಓಡಬೇಕಾದ ಗೇಟಿಗೆ, ಕ್ಯಾಮೆರಾಗಳು ಐಪಿ (ನೇರವಾಗಿ ನೆಟ್‌ವರ್ಕಿಗೆ ಸೇರುವ) ಬಗೆಯವಾಗಿದ್ದರೆ, ನಾವು ಹೇಳುವುದು ಹಾರ್ಡ್‌ಡಿಸ್ಕ್ ಇಲ್ಲದ ನಾಲ್ಕು ಅಥವಾ ಎಂಟು ಚಾನೆಲಿನ ಸಣ್ಣ ಎನ್‌ವಿಆರ್. ಅದನ್ನು ಅದೇ ನೆಟ್‌ವರ್ಕಿಗೆ ಸೇರಿಸಿ, ಬೇಕಾದ ಕ್ಯಾಮೆರಾಗಳನ್ನು ಆನ್ವಿಫ್ (ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಹೊಂದಿಸುವ ಮಾನದಂಡ) ಮೂಲಕ ಜೋಡಿಸಿ, ಎಚ್‌ಡಿಎಂಐಗೆ ಮಾನಿಟರ್ ಚುಚ್ಚಿ. ಕರೆಂಟ್ ಹೋಗಿ ಬಂದರೆ ತಾನೇ ಎದ್ದು ತಾನೇ ಚಿತ್ರ ತೋರಿಸುತ್ತದೆ. ಡಿಸ್ಕ್ ಇಲ್ಲ ಎಂದು ಬೀಪ್ ಶುರುಮಾಡುತ್ತದೆ; ಎಕ್ಸೆಪ್ಷನ್ ಮೆನುವಿನಲ್ಲಿ ಡಿಸ್ಕ್ ದೋಷದ ಸದ್ದನ್ನು ನಿಲ್ಲಿಸಿ. ಡಿಸ್ಕ್ ಇಲ್ಲದ್ದರಿಂದ ಕದ್ದರೂ ರೆಕಾರ್ಡಿಂಗ್ ಹೋಗುವುದಿಲ್ಲ, ಗೇಟಿನಲ್ಲಿ ಕೂತು ಹಳೆಯ ದೃಶ್ಯ ನೋಡಲೂ ಆಗುವುದಿಲ್ಲ. ಒಂದು ಕ್ಯಾಮೆರಾ ಏಕಕಾಲಕ್ಕೆ ಕೊಡಬಲ್ಲ ಹರಿವುಗಳಿಗೆ ಮಿತಿಯಿದೆ ಎಂಬುದು ನೆನಪಿರಲಿ: ಮುಖ್ಯ ಎನ್‌ವಿಆರ್, ಗೇಟಿನದು, ಮೇಲೆ ನಾಲ್ಕಾರು ಮೊಬೈಲು ಸೇರಿದರೆ ಕೊನೆಗೆ ಬಂದವರಿಗೆ ಚಿತ್ರ ಸಿಗದೇ ಹೋಗಬಹುದು.

ಯಾವ ಯಂತ್ರವಾದರೂ ಹಲವು ಕ್ಯಾಮೆರಾ ಒಟ್ಟಿಗೆ ತೋರಿಸುವಾಗ ಸಬ್ ಸ್ಟ್ರೀಮ್, ಅಂದರೆ ಕ್ಯಾಮೆರಾ ಕೊಡುವ ಹಗುರವಾದ ಎರಡನೇ ಹರಿವನ್ನು, ಆರಿಸಿ. ಲೆಕ್ಕ ಸರಳ: ಮುಖ್ಯ ಹರಿವು ಕ್ಯಾಮೆರಾಕ್ಕೆ 4 ಮೆಗಾಬಿಟ್ ಎಂದರೆ ಹದಿನಾರಕ್ಕೆ 64. ಸಬ್ ಸ್ಟ್ರೀಮ್ 512 ಕಿಲೋಬಿಟ್ ಎಂದರೆ ಹದಿನಾರಕ್ಕೂ ಸುಮಾರು 8 ಮೆಗಾಬಿಟ್. ಪರದೆಯ ಹದಿನಾರನೇ ಒಂದು ಭಾಗದಷ್ಟು ಜಾಗದಲ್ಲಿ ಕಣ್ಣಿಗೆ ವ್ಯತ್ಯಾಸವೇ ಇರುವುದಿಲ್ಲ. ಆರ್‌ಟಿಎಸ್‌ಪಿ ವಿಳಾಸ (ಕ್ಯಾಮೆರಾ ಹರಿವಿನ ನೆಟ್‌ವರ್ಕ್ ವಿಳಾಸ) ಕೈಯಿಂದ ಬರೆಯುವವರಿಗೆ: ಪೋರ್ಟ್ ಸಾಮಾನ್ಯವಾಗಿ 554, ಹಿಕ್‌ವಿಷನ್‌ನಲ್ಲಿ 101 ಎಂದರೆ ಮೊದಲ ಕ್ಯಾಮೆರಾದ ಮುಖ್ಯ ಹರಿವು, 102 ಎಂದರೆ ಸಬ್, ದಾಹುವಾದಲ್ಲಿ ಸಬ್‌ಟೈಪ್ 0 ಮುಖ್ಯ, 1 ಸಬ್. ಪಾಸ್‌ವರ್ಡಿನಲ್ಲಿ ಅಟ್ ಚಿಹ್ನೆ ಇದ್ದರೆ ವಿಳಾಸ ಅಲ್ಲೇ ಒಡೆಯುತ್ತದೆ. ಇದಕ್ಕೆಂದೇ ಬೇರೆ ಬಳಕೆದಾರನನ್ನು ಮಾಡಿ, ಅಕ್ಷರ ಮತ್ತು ಅಂಕೆಯ ಉದ್ದ ಪಾಸ್‌ವರ್ಡ್ ಕೊಟ್ಟು, ಲೈವ್ ನೋಡುವ ಅನುಮತಿಯನ್ನಷ್ಟೇ ಕೊಡಿ. ಅಡ್ಮಿನ್ ಪಾಸ್‌ವರ್ಡ್ ಗೇಟಿಗೆ ಹೋಗಲೇಬಾರದು. ಡಿವಿಆರಿಗೂ ಕ್ಯಾಮೆರಾಗಳಿಗೂ ಸ್ಥಿರ ಐಪಿ ವಿಳಾಸ ಕೊಡಿ, ಇಲ್ಲದಿದ್ದರೆ ರೌಟರ್ ಮರುಚಾಲೂ ಆದ ದಿನ ಗೇಟಿನ ಪರದೆ ಖಾಲಿ.

ಈ ದಾರಿಯ ನಿಜವಾದ ಕೊರತೆ ವಿಳಂಬ. ಅರ್ಧದಿಂದ ಎರಡು ಸೆಕೆಂಡ್ ಹಿಂದೆ ಇರುತ್ತದೆ. ಬೂಮ್ ಬ್ಯಾರಿಯರ್ ಎತ್ತುವವರು ಪರದೆ ನೋಡಿಯೇ ಎತ್ತಬೇಕಾದರೆ ಇದು ಅಪಾಯ, ಅಂಥ ಒಂದು ಕ್ಯಾಮೆರಾಕ್ಕೆ ನೇರ ತಂತಿಯೇ ಇರಲಿ.

ಹಳೆಯ ಟಿವಿ, ಉದ್ದ ದೂರ, ಬಿಎನ್‌ಸಿ

ಹಲವು ಡಿವಿಆರ್‌ಗಳ ಹಿಂದೆ ಬಿಎನ್‌ಸಿ (ಕೋಆಕ್ಸ್ ತಂತಿಯನ್ನು ತಿರುಗಿಸಿ ಕೂರಿಸುವ ಕಿಂಡಿ) ವಿಡಿಯೊ ಔಟ್ ಅಥವಾ ಸ್ಪಾಟ್ ಔಟ್ ಇರುತ್ತದೆ. ಅದಕ್ಕೊಂದು ಪ್ಯಾಸಿವ್ ಬ್ಯಾಲನ್ ಸಿಕ್ಕಿಸಿ, ಕ್ಯಾಟ್6ರ ಒಂದೇ ಜೋಡಿಯಲ್ಲಿ ಆಚೆ ತುದಿಯ ಬ್ಯಾಲನ್‌ಗೆ ಒಯ್ದು, ಟಿವಿಯ ಎವಿ ಕಿಂಡಿಗೆ ಹಾಕಿದರೆ 300 ಮೀಟರ್ ದೂರವೂ ನಡೆಯುತ್ತದೆ. ಬ್ಯಾಲನ್ ಮಾಡುವುದು 75 ಓಮಿನ ಕೋಆಕ್ಸ್ ಸಂಕೇತವನ್ನು 100 ಓಮಿನ ಜೋಡಿ ತಂತಿಗೆ ಹೊಂದಿಸುವ ಕೆಲಸ, ಕರೆಂಟ್ ಬೇಡ. ಚಿತ್ರ ಹಳೆಯ ಟಿವಿಯ ಗುಣಮಟ್ಟದ್ದೇ, 704×576. ಮುಖ ಗುರುತಿಸಲಾಗದು, ಅಂಗಳದಲ್ಲಿ ಯಾರೋ ಓಡಾಡಿದ್ದು ಕಾಣುತ್ತದೆ. ಪ್ಲಸ್, ಮೈನಸ್ ಅದಲುಬದಲಾದರೆ ಚಿತ್ರ ಉರುಳುತ್ತದೆ ಅಥವಾ ಬರುವುದೇ ಇಲ್ಲ. ಸ್ಪಾಟ್ ಔಟ್ ಇದ್ದರೆ ಗೇಟಿಗೆ ಬೇಕಾದ ಕ್ಯಾಮೆರಾ ಮಾತ್ರ ಕೊಡಬಹುದು ಎಂಬುದು ಇದರ ಹೆಚ್ಚಳ.

100 ಮೀಟರ್ ಆಚೆ, ಮತ್ತು ಎರಡು ಕಟ್ಟಡಗಳ ನಡುವೆ

ಕೆಲವು ಪಿಒಇ (ನೆಟ್‌ವರ್ಕ್ ಕೇಬಲ್ಲಿನಲ್ಲೇ ವಿದ್ಯುತ್ ಕೊಡುವ) ಸ್ವಿಚ್ಚುಗಳಲ್ಲಿ "ಎಕ್ಸ್‌ಟೆಂಡ್" ಎಂಬ ಗುಂಡಿ ಇದೆ, ಒತ್ತಿದರೆ 250 ಮೀಟರ್ ಎನ್ನುತ್ತಾರೆ. ಅದು ವೇಗವನ್ನು 10 ಮೆಗಾಬಿಟ್ಟಿಗೆ ಇಳಿಸಿ ಸಾಧಿಸಿದ ದೂರ. ಒಂದು ಕ್ಯಾಮೆರಾ ತರಲು ಸಾಕು, ಮೇಲಿನ ಲೆಕ್ಕದ ಹದಿನಾರು ಸಬ್ ಸ್ಟ್ರೀಮಿಗೆ ಇಕ್ಕಟ್ಟು. ತೆರೆದ ಬಯಲಿನಲ್ಲಿ 5 ಗಿಗಾಹರ್ಟ್ಸ್ ವೈರ್‌ಲೆಸ್ ಜೋಡಿಯೂ ಆಗುತ್ತದೆ, ಅಡಿಕೆ ತೋಟದ ನಡುವೆ ಹಾಯಿಸಲು ಆಗದು; ಮರ ಮತ್ತು ಒದ್ದೆ ಸೋಗೆ ಸಂಕೇತವನ್ನು ಕುಡಿದುಬಿಡುತ್ತವೆ.

ಎರಡು ಕಟ್ಟಡಗಳ ನಡುವೆ ದೂರ 40 ಮೀಟರೇ ಇದ್ದರೂ ನಾವು ಫೈಬರನ್ನೇ ಹೇಳುತ್ತೇವೆ. ಕಾರಣ ಸಿಡಿಲು. ಮಲೆನಾಡು, ಕರಾವಳಿಯಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಿದ್ದರೂ ಸಾಕು, ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ಕ್ಷಣಕಾಲ ಭಾರಿ ವೋಲ್ಟೇಜ್ ವ್ಯತ್ಯಾಸ ಏಳುತ್ತದೆ. ಅವೆರಡನ್ನೂ ಕಟ್ಟಿರುವ ತಾಮ್ರ ನಿಮ್ಮ ಕ್ಯಾಟ್6. ಒಂದೇ ಹೊಡೆತಕ್ಕೆ ಡಿವಿಆರಿನ ಎಚ್‌ಡಿಎಂಐ, ಎಕ್ಸ್‌ಟೆಂಡರ್, ಮಾನಿಟರ್ ಮೂರೂ ಹೋಗುವುದು ಹೀಗೆ. ಸರ್ಜ್ ಪ್ರೊಟೆಕ್ಟರ್ ಹಾಕಬಹುದು, ಆದರೆ ಅದರ ಹಸಿರು ತಂತಿ ಒಳ್ಳೆಯ ಅರ್ಥಿಂಗಿಗೆ ಸೇರಿದ್ದರೆ ಮಾತ್ರ ಉಪಯೋಗ. ಸುಮ್ಮನೆ ನೇತಾಡುತ್ತಿದ್ದರೆ ಅದಿಲ್ಲದ ಹಾಗೇ.

ಫೈಬರ್ ಈಗ ದೂರದ ಮಾತಲ್ಲ. ಮನೆ ಇಂಟರ್ನೆಟ್ ಕೊಡುವವರು ಬಳಸುವ ಅದೇ ಡ್ರಾಪ್ ಕೇಬಲ್, ಎಳೆ ಬೆಸೆಯುವ ಅದೇ ಸ್ಪ್ಲೈಸಿಂಗ್ ಯಂತ್ರ. ಎರಡು ತುದಿಗೆ ಒಂದೊಂದು ಮೀಡಿಯಾ ಕನ್ವರ್ಟರ್ (ತಾಮ್ರದ ನೆಟ್‌ವರ್ಕ್ ಸಂಕೇತವನ್ನು ಬೆಳಕಾಗಿಯೂ ಬೆಳಕನ್ನು ಸಂಕೇತವಾಗಿಯೂ ಬದಲಿಸುವ ಡಬ್ಬಿ) ಬೇಕು. ಒಂದೇ ಎಳೆಯಲ್ಲಿ ಓಡುವ ಬಗೆಯಾದರೆ ಎ ಮತ್ತು ಬಿ ಎಂದು ಜೋಡಿಯಾಗಿಯೇ ಕೊಳ್ಳಿ, ಒಂದು 1310 ನ್ಯಾನೊಮೀಟರಿನಲ್ಲಿ ಕಳಿಸಿದರೆ ಇನ್ನೊಂದು 1550ರಲ್ಲಿ ಕಳಿಸುತ್ತದೆ. ಎರಡೂ ಎ ತಂದರೆ ದೀಪ ಹತ್ತುವುದಿಲ್ಲ. ಎರಡು ಎಳೆಯ ಕೇಬಲ್ ಹಾಕಿಸಿ, ಒಂದು ಮುಂದಕ್ಕೆ ಇರಲಿ. ಆನಿಸಲು ಉಕ್ಕಿನ ತಂತಿ ಇರುವ ಡ್ರಾಪ್ ಕೇಬಲ್ಲಾದರೆ ಆ ಉಕ್ಕನ್ನು ಕಟ್ಟಡದ ಹೊರಗೇ ಕತ್ತರಿಸಿ ನಿಲ್ಲಿಸಿ, ಒಳಗೆ ಬರುವುದು ಗಾಜಿನ ಎಳೆ ಮಾತ್ರ. ಮೀಡಿಯಾ ಕನ್ವರ್ಟರ್ ದಾಟಿಸುವುದು ನಿಜವಾದ ಈಥರ್ನೆಟ್ಟನ್ನು ಮಾತ್ರ. ಸಣ್ಣ ಎನ್‌ವಿಆರ್, ಟಿವಿ ಬಾಕ್ಸ್, ಪ್ಯಾಕೆಟ್ ಬಗೆಯ ಎಕ್ಸ್‌ಟೆಂಡರ್ ಇದರ ಮೇಲೆ ಓಡುತ್ತವೆ. 60 ಮೀಟರಿನ ನೇರ ಎಕ್ಸ್‌ಟೆಂಡರ್ ಮತ್ತು ಎಚ್‌ಡಿಬೇಸ್‌ಟಿ ಓಡುವುದಿಲ್ಲ.

ಹೀಗಾಗಿ ಕೆಳಗೆ ಅಂಗಡಿ, ಮೇಲೆ ಮನೆ, 25 ಮೀಟರ್ ದಾರಿ ಎಂದಾದರೆ ಲೂಪ್ ಔಟ್ ಇರುವ 60 ಮೀಟರಿನ ಎಕ್ಸ್‌ಟೆಂಡರ್ ಮತ್ತು ತಾಮ್ರದ ಕ್ಯಾಟ್6. ಅಪಾರ್ಟ್‌ಮೆಂಟಿನ ನೆಲಮಾಳಿಗೆಯಿಂದ ಅದೇ ಕಟ್ಟಡಕ್ಕೆ ಅಂಟಿದ ಗೇಟಿಗೆ 80 ಮೀಟರ್ ಎಂದಾದರೆ ಡಿಸ್ಕ್ ಇಲ್ಲದ ಎನ್‌ವಿಆರ್. ಕೋಆಕ್ಸ್ ಕ್ಯಾಮೆರಾಗಳಾದರೆ ಅದರ ಜಾಗದಲ್ಲಿ ಟಿವಿ ಬಾಕ್ಸ್. ತೋಟದ ಮನೆಯಿಂದ ಅಂಗಳದ ಶೆಡ್ಡಿಗೆ ಎಷ್ಟೇ ದೂರವಿರಲಿ, ಫೈಬರ್ ಮತ್ತು ಟಿವಿ ಬಾಕ್ಸ್. ಅಲ್ಲಿಯೂ ಗುಡುಗು ಶುರುವಾದಾಗ ಮಾನಿಟರಿನ ಪ್ಲಗ್ ತೆಗೆದಿಡಿ. ಗಾಜಿನ ಎಳೆಯಲ್ಲಿ ಸಿಡಿಲು ಬರದು, ಆದರೆ ಶೆಡ್ಡಿಗೆ ಬಂದಿರುವ ಕರೆಂಟಿನ ತಂತಿ ತಾಮ್ರದ್ದೋ ಅಲ್ಯುಮಿನಿಯಂದೋ ಆಗಿಯೇ ಇರುತ್ತದೆ.